ಕರಾವಳಿಯಲ್ಲಿ ಇವಿ ಕಾರಿನ ಇನ್ಶೂರೆನ್ಸ್: ಎಲ್ಲಿ ಉಳಿಸಬಹುದು, ಎಲ್ಲಿ ಕೈ ಬಿಗಿ ಮಾಡಬಾರದು

ಎಲೆಕ್ಟ್ರಿಕ್ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಶೇ. 15 ರಿಯಾಯಿತಿ ಇದೆ ಎಂದು ಶೋರೂಮಿನಲ್ಲಿ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಕೊಟೇಶನ್ ಕೈಗೆ ಬಂದಾಗ, ಪಕ್ಕದ ಮನೆಯವರು ಪೆಟ್ರೋಲ್ ಕಾರಿಗೆ ಕಟ್ಟಿದ್ದಕ್ಕಿಂತ ನಮ್ಮದೇ ಜಾಸ್ತಿ ಇರುತ್ತದೆ. ರಿಯಾಯಿತಿ ಎಲ್ಲಿ ಹೋಯ್ತು ಮಾರಾಯ್ರೆ ಎಂದು ಕೇಳಿದರೆ ಸರಿಯಾಗಿ ಬಿಡಿಸಿ ಹೇಳುವವರು ಕಡಿಮೆ.

ಮಂಗಳೂರು, ಉಡುಪಿ ಕಡೆ ಇವಿ ತೆಗೆದುಕೊಳ್ಳುವವರು ಕಾರಿನ ರೇಂಜ್, ಚಾರ್ಜಿಂಗ್ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಇನ್ಶೂರೆನ್ಸಿಗೆ ಮಾತ್ರ ಡೆಲಿವರಿಯ ಹಿಂದಿನ ದಿನ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಸ್ವಲ್ಪ ಮುಂಚೆಯೇ, ಸ್ವಲ್ಪ ಉದ್ದವಾಗಿ ಕೊಟ್ಟರೆ ಹತ್ತು ಹದಿನೈದು ಸಾವಿರ ಉಳಿಯಬಹುದು. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಬ್ಯಾಟರಿ ಕೈಕೊಟ್ಟಾಗ ಲಕ್ಷಗಳ ಲೆಕ್ಕದಲ್ಲಿ ಕೈ ಸುಡುವುದಿಲ್ಲ. ಯಾವಾಗ ಏನು ಮಾಡಬೇಕೋ ಅದೇ ಸಾಲಿನಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲು ಮೋಟರಿನ ಕಿಲೋವ್ಯಾಟ್ ನೋಡಿ

ಪಾಲಿಸಿಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಇದು ಕಾನೂನಿನ ಪ್ರಕಾರ ಕಡ್ಡಾಯ. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂ. ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದರ ದರ ಸರ್ಕಾರ ಗೊತ್ತುಮಾಡಿದ್ದು. ಯಾವ ಕಂಪನಿಗೆ ಹೋದರೂ ಅಷ್ಟೇ, ಚೌಕಾಶಿ ನಡೆಯುವುದಿಲ್ಲ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಕಾರಿಗೆ ಆದ ನಷ್ಟಕ್ಕೆ. ಇಲ್ಲಿ ಕಂಪನಿಯಿಂದ ಕಂಪನಿಗೆ ದರ ಬೇರೆ ಬೇರೆ.

ಪೆಟ್ರೋಲ್ ಕಾರಿನ ಥರ್ಡ್ ಪಾರ್ಟಿ ದರಕ್ಕೆ ಎಂಜಿನ್ ಸಿಸಿ ಆಧಾರ. ಇವಿಗೆ ಮೋಟರಿನ ಕಿಲೋವ್ಯಾಟ್ ಆಧಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 30 ಕಿಲೋವ್ಯಾಟ್‌ವರೆಗೆ ವರ್ಷಕ್ಕೆ 1,780 ರೂ., 30ರಿಂದ 65ರವರೆಗೆ 2,904 ರೂ., 65 ದಾಟಿದರೆ 6,712 ರೂ. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೆ ಕಟ್ಟಬೇಕು: ಕ್ರಮವಾಗಿ 5,543, 9,044 ಮತ್ತು 20,907 ರೂ. ಇವೆಲ್ಲ ಜಿಎಸ್‌ಟಿ ಸೇರಿಸುವ ಮುಂಚಿನ ಮೊತ್ತ. ದರ ಪರಿಷ್ಕರಣೆ ಆಗುವುದುಂಟು, ಹಾಗಾಗಿ ಹಣ ಕಟ್ಟುವ ಮೊದಲು ಚಾಲ್ತಿಯ ದರ ನೋಡಿಕೊಳ್ಳಿ.

ಈಗ ಆ ರಿಯಾಯಿತಿಯ ಗುಟ್ಟು. ಟಾಟಾ ನೆಕ್ಸಾನ್ ಪೆಟ್ರೋಲ್ ಎಂಜಿನ್ 1,199 ಸಿಸಿ. ಅದು ನಡುವಿನ ಸ್ಲ್ಯಾಬ್, ಮೂರು ವರ್ಷಕ್ಕೆ 10,640 ರೂ. ಅದೇ ನೆಕ್ಸಾನ್ ಇವಿಯ ಮೋಟರ್ 90 ಕಿಲೋವ್ಯಾಟ್‌ಗಿಂತ ಮೇಲೆ. ಸೀದಾ ಮೇಲಿನ ಸ್ಲ್ಯಾಬ್, 20,907 ರೂ. ಶೇ. 15 ರಿಯಾಯಿತಿ ಕೊಟ್ಟಿದ್ದು ನಿಜ. ಆದರೆ ಅದನ್ನು ಕೊಟ್ಟಿದ್ದು 1,500 ಸಿಸಿಗಿಂತ ದೊಡ್ಡ ಎಂಜಿನ್ ಕಾರಿನ ದರದ ಮೇಲೆ! ಒಂದು ಮೆಟ್ಟಿಲು ಮೇಲೆ ಹತ್ತಿಸಿ ಆಮೇಲೆ ಡಿಸ್ಕೌಂಟ್ ಕೊಟ್ಟ ಹಾಗಾಯಿತು. ಇವಿ ಮೋಟರಿಗೆ ಸ್ವಭಾವದಲ್ಲೇ ಶಕ್ತಿ ಜಾಸ್ತಿ. 65ರ ಗಡಿ ತೀರಾ ಕೆಳಗಾಯಿತು ಅನ್ನುವುದು ನನ್ನ ಅಭಿಪ್ರಾಯ.

ಇದರಿಂದ ನಿಮಗೇನು ಉಪಯೋಗ? ವೇರಿಯಂಟ್ ಆರಿಸುವಾಗ ಉಂಟು. 25 ಕಿಲೋವ್ಯಾಟ್ ಅವರ್ ಬ್ಯಾಟರಿಯ ಪಂಚ್ ಇವಿ ಮೋಟರ್ 60 ಕಿಲೋವ್ಯಾಟ್, ಅಂದರೆ ನಡುವಿನ ಸ್ಲ್ಯಾಬ್. 35ರ ಬ್ಯಾಟರಿಯದ್ದು 90 ಕಿಲೋವ್ಯಾಟ್, ಮೇಲಿನ ಸ್ಲ್ಯಾಬ್. ಟಿಯಾಗೊ ಇವಿ ಎರಡು ಬ್ಯಾಟರಿಗಳಲ್ಲೂ ನಡುವಿನದ್ದೇ. ಎಂಜಿ ಕಾಮೆಟ್ ಮೋಟರ್ ಸುಮಾರು 31 ಕಿಲೋವ್ಯಾಟ್, ಪಾಪ, ಕೂದಲೆಳೆಯಲ್ಲಿ ಕೆಳಗಿನ ಸ್ಲ್ಯಾಬ್ ತಪ್ಪಿಸಿಕೊಂಡಿದೆ. ಕಿಲೋವ್ಯಾಟ್ ಅಂದರೆ ಮೋಟರಿನ ಶಕ್ತಿ, ಕಿಲೋವ್ಯಾಟ್ ಅವರ್ ಅಂದರೆ ಬ್ಯಾಟರಿಯಲ್ಲಿ ತುಂಬುವ ಕರೆಂಟ್. ಕೊಟೇಶನ್ ಹಾಕುವವರು ಒಮ್ಮೊಮ್ಮೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರಿಗೆ 45 ಕಿಲೋವ್ಯಾಟ್ ಎಂದು ಬರೆದು ಕಡಿಮೆ ದರ ತೋರಿಸಿದರೆ ಖುಷಿ ಪಡಬೇಡಿ. ಪಾಲಿಸಿಯಲ್ಲಿ ತಪ್ಪು ವಿವರ ಇದ್ದರೆ ಕ್ಲೈಮ್ ಹೊತ್ತಿಗೆ ಅದೇ ತಕರಾರಾಗುತ್ತದೆ. ಆರ್‌ಸಿಯಲ್ಲಿರುವ ವಿವರವೇ ಪಾಲಿಸಿಯಲ್ಲೂ ಇರಬೇಕು.

ಹಳೆ ಕಾರು ಮಾರಿದ ಕೂಡಲೇ ಎನ್‌ಸಿಬಿ ಪತ್ರ ತೆಗೆದಿಡಿ

ಇದೊಂದನ್ನು ಮಾಡಿದರೆ ಉಳಿದ ಎಲ್ಲ ಉಳಿತಾಯಕ್ಕಿಂತ ದೊಡ್ಡದು ಸಿಗುತ್ತದೆ.

ಕ್ಲೈಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್ (ಎನ್‌ಸಿಬಿ), ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಮೊದಲ ವರ್ಷ ಕ್ಲೈಮ್ ಇಲ್ಲದಿದ್ದರೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಹಳೆ ಪೆಟ್ರೋಲ್ ಕಾರನ್ನು ಮಾರಿ ಅಥವಾ ಎಕ್ಸ್‌ಚೇಂಜ್ ಮಾಡಿ ಇವಿ ತೆಗೆದುಕೊಳ್ಳುವಾಗ ಆ ಬೋನಸ್ಸನ್ನು ಹೊಸ ಕಾರಿಗೆ ತರಬಹುದು. ಪೆಟ್ರೋಲ್‌ನಿಂದ ಇವಿಗೆ ಎಂಬ ಅಡ್ಡಿ ಇಲ್ಲ, ಎರಡೂ ಖಾಸಗಿ ಕಾರುಗಳೇ.

ಮಾಡಬೇಕಾದ್ದು ಇಷ್ಟೇ. ಹಳೆ ಕಾರು ಮಾರಿದ ಕೂಡಲೇ ಮಾರಾಟದ ಪತ್ರದ ಪ್ರತಿ ಕೊಟ್ಟು, ಹಳೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ರಿಟೆನ್ಷನ್ ಪತ್ರ ಕೇಳಿ. ಅದು ಮೂರು ವರ್ಷ ನಡೆಯುತ್ತದೆ. ಹೊಸ ಕಾರಿನ ಕೊಟೇಶನ್ ಹಾಕಿಸುವಾಗ ಅದನ್ನು ಕೊಡಿ. ಹಳೆ ಕಾರು ಅಪ್ಪನ ಹೆಸರಿನಲ್ಲಿದ್ದು ಹೊಸದು ಮಗನ ಹೆಸರಿಗೆ ಆದರೆ ಇದು ಸಿಗುವುದಿಲ್ಲ. ಯಾರ ಹೆಸರಿಗೆ ಬುಕ್ ಮಾಡುವುದು ಎಂದು ತೀರ್ಮಾನಿಸುವ ಮೊದಲೇ ಇದನ್ನು ಯೋಚಿಸಬೇಕು, ಅಲ್ವಾ?

ಎಷ್ಟು ಉಳಿಯುತ್ತದೆ ಎಂದು ಒಂದು ಲೆಕ್ಕ ನೋಡೋಣ. ಅಂಕಿಗಳು ಸುಲಭವಾಗಲಿ ಎಂದು ನಾನು ಹಿಡಿದುಕೊಂಡದ್ದು. ಇವಿ ಬೆಲೆ 15 ಲಕ್ಷ, ಅಂಥದ್ದೇ ಪೆಟ್ರೋಲ್ ಕಾರು 11 ಲಕ್ಷ. ಹೊಸ ಕಾರಿಗೆ ಶೇ. 5 ಕಳೆದು ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟುವ ಬೆಲೆ) ಹಾಕುತ್ತಾರೆ, ಅಂದರೆ 14.25 ಲಕ್ಷ ಮತ್ತು 10.45 ಲಕ್ಷ. ಓನ್ ಡ್ಯಾಮೇಜ್ ಮೂಲ ದರ ಶೇ. 3, ಅದರ ಮೇಲೆ ಕಂಪನಿಯ ಡಿಸ್ಕೌಂಟ್ ಅರ್ಧ ಎಂದಿಟ್ಟುಕೊಳ್ಳಿ. ಇವಿಗೆ 21,375 ರೂ., ಪೆಟ್ರೋಲಿಗೆ 15,675 ರೂ. ಥರ್ಡ್ ಪಾರ್ಟಿಯ ವ್ಯತ್ಯಾಸ 10,267 ರೂ. ಸೇರಿಸಿ, ಶೇ. 18 ಜಿಎಸ್‌ಟಿ ಹಾಕಿದರೆ ಇವಿಯವರು ಮೊದಲ ಸಲ ಸುಮಾರು 18,800 ರೂ. ಜಾಸ್ತಿ ಕಟ್ಟುತ್ತಾರೆ. ಇವಿ ಕಾರಿಗೆ ಜಿಎಸ್‌ಟಿ ಶೇ. 5 ಮಾತ್ರ, ಅದರ ಇನ್ಶೂರೆನ್ಸಿಗೆ ಮಾತ್ರ ಅಂಥ ದಯೆ ಇಲ್ಲ. ಶೇ. 50 ಎನ್‌ಸಿಬಿ ಪತ್ರ ಕೈಯಲ್ಲಿದ್ದರೆ 21,375 ಅರ್ಧಕ್ಕೆ ಇಳಿಯುತ್ತದೆ. ಜಿಎಸ್‌ಟಿ ಸೇರಿ 12,600 ರೂ. ಹತ್ತಿರ ಅಲ್ಲೇ ವಾಪಸ್ ಬಂತು.

ನಮಗೊಂದು ಸಣ್ಣ ಅನುಕೂಲವೂ ಇದೆ. ಹಳೆ ಮೋಟರ್ ಟ್ಯಾರಿಫ್‌ನಲ್ಲಿ (ವಾಹನ ವಿಮೆಯ ಹಳೆ ದರಪಟ್ಟಿ) ಬೆಂಗಳೂರು, ಮುಂಬೈ, ಚೆನ್ನೈ ಮುಂತಾದ ಎಂಟು ಮಹಾನಗರಗಳು ಎ ವಲಯ, ಉಳಿದ ಊರುಗಳೆಲ್ಲ ಬಿ ವಲಯ. ಮಂಗಳೂರಿನ ಕೆಎ 19, ಉಡುಪಿಯ ಕೆಎ 20 ಎರಡೂ ಬಿ. ವ್ಯತ್ಯಾಸ ದೊಡ್ಡದಲ್ಲ. ಆದರೆ ಕಾರನ್ನು ಬೆಂಗಳೂರಿನ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸಿ ಊರಲ್ಲಿ ಓಡಿಸುವವರು ಇದನ್ನು ಸುಮ್ನೆ ಬಿಟ್ಟುಕೊಡುತ್ತಾರೆ.

ಶೋರೂಮಿನ ಕೊಟೇಶನ್ ಜೊತೆ ಇನ್ನೆರಡು ತರಿಸಿ

ಶೋರೂಮಿನಲ್ಲೇ ಇನ್ಶೂರೆನ್ಸ್ ಮಾಡಿಸಬೇಕು ಎಂಬ ನಿಯಮ ಎಲ್ಲೂ ಇಲ್ಲ. ಹೊರಗಿನಿಂದ ತಂದರೆ ಡೆಲಿವರಿ ತಡ ಆಗುತ್ತದೆ, ಕ್ಯಾಶ್‌ಲೆಸ್ (ರಿಪೇರಿಯ ಹಣ ಕಂಪನಿಯೇ ವರ್ಕ್‌ಶಾಪಿಗೆ ನೇರ ಕೊಡುವುದು) ಸಿಗುವುದಿಲ್ಲ ಎಂದೆಲ್ಲ ಹೇಳಿ ಹೆದರಿಸುವವರು ಇದ್ದಾರೆ. ಕ್ಯಾಶ್‌ಲೆಸ್ ಸಿಗುವುದು ಆ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದದಿಂದ, ಪಾಲಿಸಿ ಎಲ್ಲಿ ಕೊಂಡಿರಿ ಎಂಬುದರಿಂದಲ್ಲ. ನಿಮ್ಮ ಬ್ರ್ಯಾಂಡಿನ ಸರ್ವಿಸ್ ಸೆಂಟರಿಗೆ ಹೋಗಿ, ಯಾವ ಯಾವ ಇನ್ಶೂರೆನ್ಸ್ ಕಂಪನಿಗಳ ಕ್ಯಾಶ್‌ಲೆಸ್ ಇದೆ ಎಂದು ನೇರವಾಗಿ ಕೇಳಿ. ಸೇಲ್ಸ್ ಕೌಂಟರಿನಲ್ಲಿ ಅಲ್ಲ, ಸರ್ವಿಸ್‌ನ ಬಾಡಿ ಶಾಪ್ ಅಡ್ವೈಸರ್ ಹತ್ತಿರ. ಯಾವ ಕಂಪನಿ ಬ್ಯಾಟರಿ ಕ್ಲೈಮಿಗೆ ಸತಾಯಿಸುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ, ಚಹಾ ಕುಡಿಯುತ್ತಾ ಕೇಳಿದರೆ ಹೇಳುತ್ತಾರೆ.

ಪರಿಚಯದ ಏಜೆಂಟ್ ಇದ್ದರೆ ಅವರಿಂದ ಒಂದು, ಆನ್‌ಲೈನಿನಲ್ಲಿ ಒಂದು ಕೊಟೇಶನ್ ತೆಗೆಯಿರಿ. ಮೂರನ್ನೂ ಪಕ್ಕ ಪಕ್ಕ ಇಡುವಾಗ ಕೊನೆಯ ಮೊತ್ತ ನೋಡಬೇಡಿ, ಮೊದಲು ಐಡಿವಿ ಒಂದೇ ಇದೆಯಾ ನೋಡಿ. ಕಡಿಮೆ ಪ್ರೀಮಿಯಂ ತೋರಿಸಲು ಐಡಿವಿ ಇಳಿಸುವುದು ಬಹಳ ಹಳೆಯ ಕೈಚಳಕ. ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಹಣವೇ ಐಡಿವಿ. ಅದರಲ್ಲಿ ಒಂದು ಲಕ್ಷ ಇಳಿಸಿದರೆ ಪ್ರೀಮಿಯಂನಲ್ಲಿ ಉಳಿಯುವುದು ಒಂದೂವರೆ ಎರಡು ಸಾವಿರ. ಸಾಲ ಇದ್ದರೆ ಆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಮಿಕ್ಕಿದ್ದು ನಿಮಗೆ. ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುವ ಸ್ಕೀಮಿನಲ್ಲಿ ಕಾರು ತೆಗೆದುಕೊಂಡವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು: ಐಡಿವಿಯಲ್ಲಿ ಬ್ಯಾಟರಿಯ ಬೆಲೆ ಸೇರಿದೆಯೋ ಇಲ್ಲವೋ, ಬ್ಯಾಟರಿ ಹಾಳಾದರೆ ಹಣ ಯಾರ ಕೈಗೆ ಎಂಬುದನ್ನು ಕಾಗದದಲ್ಲಿ ನೋಡಿಯೇ ಸಹಿ ಹಾಕಿ.

ಬ್ಯಾಟರಿಯ ಬಗ್ಗೆ ಬರಹದಲ್ಲಿ ಕೇಳಿ

ಇವಿ ಬೆಲೆಯ ಶೇ. 30ರಿಂದ 40ರಷ್ಟು ಬ್ಯಾಟರಿಯದ್ದೇ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಸಾಧಾರಣ ಪಾಲಿಸಿಯಲ್ಲಿ ಬಿಡಿಭಾಗ ಬದಲಿಸಿದಾಗ ಸವಕಳಿ ಕಳೆಯುತ್ತಾರೆ. ಗಾಜಿಗೆ ಇಲ್ಲ. ಫೈಬರ್‌ಗೆ ಶೇ. 30. ರಬ್ಬರ್, ಪ್ಲಾಸ್ಟಿಕ್, ಟಯರ್, ಏರ್‌ಬ್ಯಾಗ್, ಬ್ಯಾಟರಿಗೆ ಶೇ. 50. ಕಾರು ಹೊಸದಾಗಿದ್ದರೂ ಅಷ್ಟೇ. ಇದು 2002ರ ಟ್ಯಾರಿಫ್‌ನಿಂದ ಬಂದ ಸಾಲು. ಆ ಕಾಲದಲ್ಲಿ ಕಾರಿನ ಬ್ಯಾಟರಿ ಅಂದರೆ ಬಾನೆಟ್ ಅಡಿಯ 12 ವೋಲ್ಟ್ ಬ್ಯಾಟರಿ, ಕೆಲವು ಸಾವಿರದ ಮಾತು. ಈಗ ಕಾರಿನ ಹೊಟ್ಟೆಯಡಿ ಆರು ಲಕ್ಷದ ಪ್ಯಾಕ್ ಕೂತಿದೆ. ಅದಕ್ಕೂ ಇದೇ ಸಾಲು ಅನ್ವಯಿಸಿದರೆ ಮೂರು ಲಕ್ಷ ನಮ್ಮ ಜೇಬಿನಿಂದ.

ಆದ್ದರಿಂದ ಜೀರೋ ಡೆಪ್ರಿಸಿಯೇಷನ್, ಅಂದರೆ ಸವಕಳಿ ಕಳೆಯದೆ ಕೊಡುವ, ನಮ್ಮಲ್ಲಿ ಬಂಪರ್ ಟು ಬಂಪರ್ ಎನ್ನುವುದು, ಇವಿಗೆ ಐಷಾರಾಮ ಅಲ್ಲ. ಆದರೆ ಜೀರೋ ಡೆಪ್ ಇದ್ದ ಮಾತ್ರಕ್ಕೆ ಬ್ಯಾಟರಿಯೂ ಸೇರಿತು ಎಂದು ತಿಳಿಯಬೇಡಿ. ಕೆಲವು ಕಂಪನಿಗಳಲ್ಲಿ ಬ್ಯಾಟರಿಗೆ ಬೇರೆಯೇ ಆ್ಯಡ್ ಆನ್ (ಹೆಚ್ಚಿನ ಹಣ ಕೊಟ್ಟು ಪಾಲಿಸಿಗೆ ಸೇರಿಸುವ ರಕ್ಷಣೆ) ಇರುತ್ತದೆ: ಬ್ಯಾಟರಿ ಪ್ರೊಟೆಕ್ಟ್, ಇವಿ ಶೀಲ್ಡ್, ಹೀಗೆ ಒಬ್ಬೊಬ್ಬರದು ಒಂದೊಂದು ಹೆಸರು. ಹೆಸರು ಬಿಡಿ. ಏಜೆಂಟರಿಗೆ ಅಥವಾ ಕಂಪನಿಗೆ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಈ ಪ್ರಶ್ನೆಗಳನ್ನು ಕಳುಹಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ:

- ಹೈ ವೋಲ್ಟೇಜ್ ಬ್ಯಾಟರಿ ಬದಲಿಸಬೇಕಾಗಿ ಬಂದರೆ ಸವಕಳಿ ಎಷ್ಟು ಕಳೆಯುತ್ತೀರಿ?
- ನೀರು ಒಳಗೆ ಹೋಗಿ ಅಥವಾ ಶಾರ್ಟ್ ಸರ್ಕ್ಯೂಟ್ ಆಗಿ ಬ್ಯಾಟರಿ, ಮೋಟರ್ ಹಾಳಾದರೆ ಕೊಡುತ್ತೀರಾ?
- ಕಾರಿನ ಅಡಿಭಾಗ ಕಲ್ಲಿಗೆ, ರಸ್ತೆಯ ಹಂಪ್‌ಗೆ ತಾಗಿ ಬ್ಯಾಟರಿ ಕೇಸ್ ಜಜ್ಜಿದರೆ?
- ಚಾರ್ಜ್ ಆಗುವಾಗ ಸಿಡಿಲು ಅಥವಾ ವೋಲ್ಟೇಜ್ ಏರುಪೇರಿನಿಂದ ಹಾನಿಯಾದರೆ?
- ಮನೆಯ ಗೋಡೆಗೆ ಹಾಕಿದ ಚಾರ್ಜರ್, ಕೇಬಲ್ ಇದರಲ್ಲಿ ಸೇರಿದೆಯಾ?

ಕೊನೆಯ ಎರಡಕ್ಕೆ ನಮ್ಮ ಕಡೆ ತೂಕ ಜಾಸ್ತಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಡುತ್ತಲೇ ಇರುತ್ತದೆ. ಸಿಡಿಲಿನಿಂದ ಕಾರಿಗೆ ಆದ ಹಾನಿ ಮಾಮೂಲಿ ಪಾಲಿಸಿಯಲ್ಲೇ ಬರುತ್ತದೆ. ಆದರೆ ಬರೀ ವಿದ್ಯುತ್ ದೋಷದಿಂದ ಕೆಟ್ಟದ್ದು ಬರುವುದಿಲ್ಲ, ಗೋಡೆಯ ಚಾರ್ಜರ್ ಕಾರಿನ ಭಾಗವೂ ಅಲ್ಲ. ಚಾರ್ಜಿಂಗ್ ಪಾಯಿಂಟ್ ಹಾಕಿಸುವಾಗ ಅರ್ಥಿಂಗ್ ಸರಿಯಾಗಿ ಮಾಡಿಸಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ, ಎಲೆಕ್ಟ್ರಿಷಿಯನ್ ಕೊಟ್ಟ ಬಿಲ್ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೆಂಪುಕಲ್ಲಿನ ನೆಲ ಒಣಗಿ ಗಟ್ಟಿಯಾದಾಗ ಅರ್ಥಿಂಗ್ ದುರ್ಬಲ ಆಗುತ್ತದೆ, ಗುಂಡಿಗೆ ನೀರು ಹಾಕುವುದನ್ನು ಮರೆಯಬಾರದು.

ವಾರಂಟಿ ಎಂಟು ವರ್ಷ ಇದೆಯಲ್ಲ, ಮತ್ಯಾಕೆ ಇದೆಲ್ಲ ಎಂದು ಕೇಳುವವರಿದ್ದಾರೆ. ವಾರಂಟಿ ಬರುವುದು ತಯಾರಿಕೆಯ ದೋಷಕ್ಕೆ ಮತ್ತು ಹೇಳಿದ್ದಕ್ಕಿಂತ ಬೇಗ ಸಾಮರ್ಥ್ಯ ಇಳಿದರೆ. ಕಲ್ಲು ಬಡಿದರೆ, ನೆರೆ ನೀರಿನಲ್ಲಿ ನಿಂತರೆ ವಾರಂಟಿಯವರು ಇನ್ಶೂರೆನ್ಸ್ ಕಡೆ ಕೈ ತೋರಿಸುತ್ತಾರೆ. ಇನ್ಶೂರೆನ್ಸಿನವರು ಹಳತಾಗಿ ಸವೆದದ್ದಕ್ಕೆ, ಉಪ್ಪುಗಾಳಿಗೆ ತುಕ್ಕು ಹಿಡಿದದ್ದಕ್ಕೆ ಕೊಡುವುದಿಲ್ಲ. ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ಬದಿಯಲ್ಲಿ ಮನೆ ಇರುವವರು ಸರ್ವಿಸ್ ವೇಳೆ ಅಡಿಭಾಗದ ಬೋಲ್ಟ್, ಕನೆಕ್ಟರ್ ನೋಡಿಸುತ್ತಾ ಇರಬೇಕು. ಅದಕ್ಕೆ ಯಾವ ಪಾಲಿಸಿಯೂ ಇಲ್ಲ.

ಇನ್ನೊಂದು ಆ್ಯಡ್ ಆನ್ ಬಗ್ಗೆ ಯೋಚಿಸಲೇಬೇಕು. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಂಪನಿ ಕಾರನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತದೆ. ಐಡಿವಿ ವರ್ಷ ವರ್ಷ ಇಳಿಯುತ್ತದೆ: ಎರಡನೇ ವರ್ಷ ಮುಗಿಯುವವರೆಗೆ ಶೇ. 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆದು. 15 ಲಕ್ಷದ ಕಾರಿಗೆ ಐದನೇ ವರ್ಷ ಐಡಿವಿ 7.5 ಲಕ್ಷ, ಅದರ ಮುಕ್ಕಾಲು 5.62 ಲಕ್ಷ. ಬ್ಯಾಟರಿಯೇ ಆರು ಲಕ್ಷ! ಅಂದರೆ ಬಾಗಿಲು, ಬಾನೆಟ್, ಸೀಟು ಎಲ್ಲ ಫಳಫಳ ಹೊಳೆಯುತ್ತಿದ್ದರೂ ಬ್ಯಾಟರಿ ಹೋದರೆ ಕಾರು ಲೆಕ್ಕದಲ್ಲಿ ಸತ್ತಂತೆ. ರಿಟರ್ನ್ ಟು ಇನ್‌ವಾಯ್ಸ್ ಎಂಬ ಆ್ಯಡ್ ಆನ್ ಇದ್ದರೆ ಇಂಥ ಹೊತ್ತಿನಲ್ಲಿ ಕಾರು ಕೊಂಡ ಬೆಲೆ ಸಿಗುತ್ತದೆ. ಹೆಚ್ಚಿನ ಕಂಪನಿಗಳು ಇದನ್ನು ಮೊದಲ ಮೂರು ವರ್ಷ ಮಾತ್ರ ಕೊಡುತ್ತವೆ, ಕೆಲವು ಐದರವರೆಗೆ. ಸಾಲದಲ್ಲಿ ಕಾರು ತೆಗೆದವರು ಇದನ್ನು ಬಿಡಬಾರದು.

ಬೇಡದ್ದನ್ನು ಹೊಡೆದುಹಾಕಿ

ಪೆಟ್ರೋಲ್ ಕಾರಿನ ಪಟ್ಟಿಯನ್ನೇ ನಕಲು ಮಾಡಿದ ಕೊಟೇಶನ್‌ಗಳಲ್ಲಿ ಎಂಜಿನ್ ಪ್ರೊಟೆಕ್ಟ್ ಕಾಣಿಸುವುದುಂಟು. ಎಂಜಿನ್ನೇ ಇಲ್ಲದ ಕಾರಿಗೆ! ಆ ಹೆಸರಿನಲ್ಲಿ ಮೋಟರ್, ಬ್ಯಾಟರಿಗೆ ರಕ್ಷಣೆ ಇದ್ದರೆ ಸರಿ, ಬರೆದುಕೊಡಲಿ. ಇಲ್ಲದಿದ್ದರೆ ತೆಗೆಸಿ. ಕೀ ಕಳೆದರೆ ಕೊಡುವುದು, ಒಳಗಿಟ್ಟ ಸಾಮಾನಿಗೆ ಕೊಡುವುದು, ಇವು ನಿಮ್ಮ ಮರ್ಜಿ. ಕನ್ಸ್ಯೂಮೆಬಲ್ಸ್ (ರಿಪೇರಿಯಲ್ಲಿ ಖರ್ಚಾಗಿ ಹೋಗುವ ಸಾಮಾನಿನ ರಕ್ಷಣೆ) ಅಗ್ಗದ್ದು, ಇವಿಯಲ್ಲಿ ಕೂಲೆಂಟ್‌ಗೆ ಬೆಲೆ ಇದೆ, ಇರಲಿ.

15 ಲಕ್ಷದ ಮಾಲೀಕ ಚಾಲಕರ ಅಪಘಾತ ವಿಮೆ ಕಡ್ಡಾಯ. ಆದರೆ ನಿಮ್ಮ ಇನ್ನೊಂದು ವಾಹನದಲ್ಲಿ ಅದು ಇದ್ದರೆ, ಅಥವಾ ಅಷ್ಟೇ ಮೊತ್ತದ ಬೇರೆ ಅಪಘಾತ ಪಾಲಿಸಿ ಇದ್ದರೆ ಮತ್ತೊಮ್ಮೆ ಕಟ್ಟಬೇಕಾಗಿಲ್ಲ. ಮನೆಯಲ್ಲಿ ಸ್ಕೂಟರೂ ಇದೆ, ಹಳೆ ಕಾರೂ ಇದೆ ಎನ್ನುವವರು ಇದನ್ನು ಮೂರು ಕಡೆ ಕಟ್ಟುತ್ತಿರುತ್ತಾರೆ.

ವಾಲಂಟರಿ ಡಿಡಕ್ಟಿಬಲ್ ನನಗೆ ಇಷ್ಟವಿಲ್ಲ. ಕ್ಲೈಮ್ ವೇಳೆ ಮೊದಲ 15,000 ರೂ. ನಾನೇ ಹಾಕುತ್ತೇನೆ ಎಂದು ಒಪ್ಪಿದರೆ, ಹಳೆ ಟ್ಯಾರಿಫ್ ಪ್ರಕಾರ ಸಿಗುವ ರಿಯಾಯಿತಿ ಹೆಚ್ಚೆಂದರೆ 2,500 ರೂ. ಆರು ವರ್ಷ ಏನೂ ಆಗದಿದ್ದರೆ ಮಾತ್ರ ಲಾಭ. ತೆಂಗಿನಮರದ ಕೆಳಗೆ ಕಾರು ನಿಲ್ಲಿಸುವ ಊರಿನಲ್ಲಿ ಯಾರು ಹಾಗೆ ಭರವಸೆ ಕೊಡುತ್ತಾರೆ?

ಓಡಿಸಿದಷ್ಟಕ್ಕೆ ಪ್ರೀಮಿಯಂ ಎಂಬ ಆ್ಯಡ್ ಆನ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಮನೆಯಿಂದ ಕದ್ರಿಗೆ, ಕದ್ರಿಯಿಂದ ಮನೆಗೆ ಅನ್ನುವವರಿಗೆ ಅದು ಒಳ್ಳೆಯದೇ. ಆದರೆ ಇವಿ ಬಂದ ಮೇಲೆ ಓಡಾಟ ಜಾಸ್ತಿ ಆಗುತ್ತದೆ. ಕಿಲೋಮೀಟರಿಗೆ ಒಂದೆರಡು ರೂಪಾಯಿ ಅಂದಾಗ ಧರ್ಮಸ್ಥಳ, ಕೊಲ್ಲೂರು ಎಲ್ಲ ಹತ್ತಿರ ಅನಿಸುತ್ತದೆ. ಪೆಟ್ರೋಲ್ ಕಾರಿನ ಕಾಲದ ಲೆಕ್ಕ ಹಿಡಿದು ಕಡಿಮೆ ಕಿಲೋಮೀಟರಿನ ಪ್ಲಾನ್ ತೆಗೆದುಕೊಳ್ಳಬೇಡಿ.

ಹೆಸರು ಮತ್ತು ಲೈಸೆನ್ಸ್

ನಮ್ಮಲ್ಲಿ ಮಗ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುತ್ತಾನೆ, ಕಾರು ಅವನ ಹೆಸರಿನಲ್ಲಿ, ಓಡಿಸುವುದು ಅಪ್ಪ. ಇದರಲ್ಲಿ ತಪ್ಪಿಲ್ಲ. ಚಾಲ್ತಿಯ ಲೈಸೆನ್ಸ್ ಇರುವ ಯಾರು ಓಡಿಸಿದರೂ ಪಾಲಿಸಿ ನಡೆಯುತ್ತದೆ. ಆದರೆ ಮಾಲೀಕ ಚಾಲಕರ 15 ಲಕ್ಷದ ವಿಮೆ ಮಾಲೀಕರಿಗೆ ಮಾತ್ರ. ಅಪ್ಪನಿಗೆ ಅಪಘಾತವಾದರೆ ಅದು ಬರುವುದಿಲ್ಲ. ಅವರಿಗೆ ಬೇರೆ ಅಪಘಾತ ಪಾಲಿಸಿ ಮಾಡಿಸಿ. ಸಂಬಳದ ಡ್ರೈವರ್ ಇದ್ದರೆ ಅವರ ಹೆಸರಿನ ಹೊಣೆಗಾರಿಕೆ ಸೇರಿಸಲು 50 ರೂ. ಸಾಕು.

ಊರಿಗೆ ಬಂದ ಪ್ರವಾಸಿಗಳಿಗೆ ಕಾರನ್ನು ಬಾಡಿಗೆಗೆ ಕೊಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಖಾಸಗಿ ಎಂದು ರಿಜಿಸ್ಟರ್ ಆದ ಕಾರು ಬಾಡಿಗೆಗೆ ಹೋಗಿದ್ದು ಗೊತ್ತಾದರೆ ಓನ್ ಡ್ಯಾಮೇಜ್ ಕ್ಲೈಮ್ ಹೋಯಿತೆಂದೇ ಲೆಕ್ಕ.

ಮಳೆಗಾಲದ ಕ್ಲೈಮ್

2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದ ನೆರೆಯನ್ನು ಯಾರೂ ಮರೆತಿಲ್ಲ. ಅಷ್ಟು ದೊಡ್ಡದೇ ಆಗಬೇಕಾಗಿಲ್ಲ. ಜೋರು ಮಳೆ ಎರಡು ಗಂಟೆ ಹಿಡಿದರೆ ಕೊಟ್ಟಾರ ಚೌಕಿಯಲ್ಲಿ, ಪಡೀಲ್ ಅಂಡರ್‌ಪಾಸ್‌ನಲ್ಲಿ, ಉಡುಪಿಯ ಕಲ್ಸಂಕದ ಆಸುಪಾಸಿನಲ್ಲಿ ನೀರು ನಿಲ್ಲುತ್ತದೆ. ನೆರೆ, ಬಿರುಗಾಳಿ, ಗುಡ್ಡ ಕುಸಿತ, ಬೆಂಕಿ ಎಲ್ಲವೂ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಇವೆ. ಬರೀ ಥರ್ಡ್ ಪಾರ್ಟಿ ಇದ್ದರೆ ಯಾವುದೂ ಇಲ್ಲ.

ಬ್ಯಾಟರಿಗೆ ಐಪಿ 67 ಇದೆ ಎಂದು ಧೈರ್ಯವಾಗಿ ನೀರಿಗೆ ಇಳಿಸುವವರನ್ನು ನೋಡಿದ್ದೇನೆ. ಐಪಿ 67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದು. ಅದು ಬ್ಯಾಟರಿ ಪೆಟ್ಟಿಗೆಯ ಮಾತು, ಇಡೀ ಕಾರಿನದ್ದಲ್ಲ. ಕೆಳಗೆ ಕಲ್ಲು ತಾಗಿ ಸೀಲ್ ಬಿಟ್ಟಿದ್ದರೆ ಆ ಮಾತೂ ಇಲ್ಲ. ಗೊತ್ತಿದ್ದೂ ನೀರಿಗೆ ನುಗ್ಗಿಸಿದರೆ ಕಂಪನಿ ಅದನ್ನೇ ಹಿಡಿದು ವಾದಿಸುತ್ತದೆ.

ಕಾರು ನೀರಿನಲ್ಲಿ ನಿಂತರೆ ಹೀಗೆ ಮಾಡಿ. ಆಫ್ ಮಾಡಿ, ಇಳಿದು ದೂರ ಹೋಗಿ. ನೀರು ಇಳಿದ ಮೇಲೂ ಸ್ಟಾರ್ಟ್ ಮಾಡಬೇಡಿ, ಚಾರ್ಜಿಗೆ ಹಾಕಲೇಬೇಡಿ. ಚಾರ್ಜಿನಲ್ಲಿದ್ದಾಗಲೇ ಅಂಗಳಕ್ಕೆ ನೀರು ಬಂದರೆ ಮೊದಲು ಮೈನ್ ಸ್ವಿಚ್ ತೆಗೆಯಿರಿ, ಆಮೇಲೆ ಕೇಬಲ್. ನೀರು ಎಲ್ಲಿವರೆಗೆ ಬಂದಿತ್ತು ಎಂದು ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಚಕ್ರದ ಮೇಲಿನ ಕೆಸರಿನ ಗೆರೆ ತೊಳೆಯಬೇಡಿ, ನಷ್ಟ ಅಳೆಯಲು ಬರುವ ಸರ್ವೇಯರ್‌ಗೆ ಅದೇ ಸಾಕ್ಷಿ. ಅದೇ ದಿನ ಕಂಪನಿಗೆ ಫೋನ್ ಮಾಡಿ ಕ್ಲೈಮ್ ನಂಬರ್ ತೆಗೆದುಕೊಳ್ಳಿ.

ಅಡಿಭಾಗ ತಾಗಿದಾಗಲೂ ಹಾಗೆಯೇ. ಮನೆಗೆ ಹೋಗುವ ಮಣ್ಣಿನ ದಾರಿಯಲ್ಲಿ ಮುರಕಲ್ಲು ಎದ್ದಿರುತ್ತದೆ, ಅಳತೆ ಮೀರಿದ ಹಂಪ್‌ಗಳಂತೂ ಕೇಳುವುದೇ ಬೇಡ. ದಡ್ ಎಂದು ಜೋರಾಗಿ ತಾಗಿದರೆ ನಿಲ್ಲಿಸಿ, ಆ ಕಲ್ಲಿನ, ಜಾಗದ ಫೋಟೊ ತೆಗೆಯಿರಿ. ವಾರ ಬಿಟ್ಟು ವಾರ್ನಿಂಗ್ ಲೈಟ್ ಬಂದಾಗ ವರ್ಕ್‌ಶಾಪಿಗೆ ಹೋದರೆ ಯಾವಾಗ, ಎಲ್ಲಿ ಆಯಿತು ಎಂದು ತೋರಿಸಲು ಏನೂ ಇರುವುದಿಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆಯಲು ಬಿಡಬೇಡಿ. ಚಕ್ರ ತಿರುಗಿದರೆ ಮೋಟರ್ ತಿರುಗಿ ಕರೆಂಟ್ ಹುಟ್ಟುತ್ತದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಳ್ಳುವಾಗ ಫ್ಲಾಟ್‌ಬೆಡ್ ಕೊಡುತ್ತಾರಾ, ಎಷ್ಟು ಕಿಲೋಮೀಟರ್‌ವರೆಗೆ ಎಂದು ಕೇಳಿ. ಬೈಂದೂರಿನಿಂದ ಮಂಗಳೂರಿಗೆ ನೂರು ಕಿಲೋಮೀಟರ್ ದಾಟುತ್ತದೆ. 50 ಕಿಲೋಮೀಟರಿನ ಮಿತಿ ಇದ್ದರೆ ಉಳಿದದ್ದು ನಿಮ್ಮ ಖರ್ಚು. ಹೈ ವೋಲ್ಟೇಜ್ ಕೆಲಸ ಗೊತ್ತಿರುವ ವರ್ಕ್‌ಶಾಪ್ ನಿಮ್ಮೂರಿನ ಹತ್ತಿರ ಯಾವುದು ಎಂದು ಮೊದಲೇ ತಿಳಿದಿಟ್ಟುಕೊಳ್ಳಿ.

ಇನ್ನು ಇಲಿ ಹೆಗ್ಗಣ. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಬರುತ್ತವೆ, ವೈರ್ ಕಡಿಯುತ್ತವೆ. ಕೆಲವು ಕಂಪನಿಗಳು ಕೊಡುತ್ತವೆ, ಕೆಲವು ಇಲ್ಲ. ಇದನ್ನೂ ಆ ಪ್ರಶ್ನೆಗಳ ಜೊತೆ ಸೇರಿಸಿ. ತೆಂಗಿನಕಾಯಿ, ಮಡಲು ಬಿದ್ದು ಜಜ್ಜಿದ್ದು ಕ್ಲೈಮಿಗೆ ಬರುತ್ತದೆ. ಆದರೆ ಮೂರ್ನಾಲ್ಕು ಸಾವಿರದ ಕೆಲಸಕ್ಕೆ ಕ್ಲೈಮ್ ಮಾಡಿ ಎನ್‌ಸಿಬಿ ಕಳೆದುಕೊಳ್ಳುವುದು ಲೆಕ್ಕಕ್ಕೆ ಕೂಡಿ ಬರುವುದಿಲ್ಲ. ಜೀರೋ ಡೆಪ್‌ಗೆ ವರ್ಷಕ್ಕೆ ಎರಡೇ ಕ್ಲೈಮ್ ಎಂಬ ಮಿತಿಯೂ ಹಲವು ಪಾಲಿಸಿಗಳಲ್ಲಿದೆ. ಮೇ ತಿಂಗಳಲ್ಲೇ ಎರಡೂ ಮುಗಿಸಿಕೊಂಡರೆ ಜುಲೈಗೆ ಏನು ಮಾಡುತ್ತೀರಿ?

ನವೀಕರಣ, ಮತ್ತು ತಕರಾರು ಬಂದರೆ

ಥರ್ಡ್ ಪಾರ್ಟಿ ಮೂರು ವರ್ಷದ್ದು ಇರುವುದರಿಂದ ಎಲ್ಲವೂ ಮೂರು ವರ್ಷಕ್ಕೆ ಆಗಿದೆ ಎಂದು ಹಲವರು ತಿಳಿಯುತ್ತಾರೆ. ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಅದನ್ನು ಬೇರೆ ಕಂಪನಿಯಿಂದಲೂ ತೆಗೆದುಕೊಳ್ಳಬಹುದು. ಅವಧಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ, ಮತ್ತೆ ಸೊನ್ನೆಯಿಂದ. ಒಂದು ದಿನ ತಡವಾದರೂ ಕಾರಿನ ಪರಿಶೀಲನೆ ಕೇಳುತ್ತಾರೆ. ನಿಮ್ಮ ಪಾಲಿಸಿ ಜೂನ್, ಜುಲೈಯಲ್ಲಿ ಮುಗಿಯುವುದಾದರೆ ಮೇ ತಿಂಗಳಲ್ಲೇ ಕಟ್ಟಿಬಿಡಿ.

ಹಳೆ ಇವಿ ಕೊಳ್ಳುವವರು ಮಾಲೀಕತ್ವ ವರ್ಗವಾದ 14 ದಿನಗಳ ಒಳಗೆ ಇನ್ಶೂರೆನ್ಸ್ ಕಂಪನಿಗೂ ಬರೆಯಬೇಕು. ಥರ್ಡ್ ಪಾರ್ಟಿ ತಾನಾಗಿ ಬರುತ್ತದೆ, ಓನ್ ಡ್ಯಾಮೇಜ್ ಹಾಗಲ್ಲ. ಮಾರಿದವರ ಎನ್‌ಸಿಬಿ ನಿಮಗೆ ಬರುವುದಿಲ್ಲ, ಅದರ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಮಾತುಕತೆಯಲ್ಲೇ ಅದನ್ನು ಬೆಲೆಯಿಂದ ಇಳಿಸಿಕೊಳ್ಳಿ.

ಕ್ಲೈಮ್ ತಿರಸ್ಕರಿಸಿದರೆ ಅಥವಾ ಅರೆಬರೆ ಕೊಟ್ಟರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಿನಲ್ಲೂ ದಾಖಲಿಸಬಹುದು. ದೂರವಾಣಿ 155255. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆ ಆಗದಿದ್ದರೆ, ಒಂದು ವರ್ಷದ ಒಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥ ಮಾಡುವ ಅಧಿಕಾರಿ) ಹೋಗಬಹುದು. 50 ಲಕ್ಷ ರೂ. ವರೆಗಿನ ಪ್ರಕರಣಗಳನ್ನು ಅವರು ನೋಡುತ್ತಾರೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಬೇಕಾಗುವುದು ಪಾಲಿಸಿಯ ಪ್ರತಿ, ಸರ್ವೇಯರ್ ವರದಿ, ವರ್ಕ್‌ಶಾಪ್ ಎಸ್ಟಿಮೇಟ್ ಮತ್ತು ಪಾಲಿಸಿ ಕೊಳ್ಳುವಾಗ ಬ್ಯಾಟರಿ ಬಗ್ಗೆ ನೀವು ಕೇಳಿದ ಪ್ರಶ್ನೆಗಳಿಗೆ ಬಂದ ಬರಹದ ಉತ್ತರ.